ಕಟ್ಟೆಯ ನೀರಿನ ಮಟ್ಟ ಓದುತ್ತಾ ಲೆಕ್ಕ ಕಲಿತ ನನ್ನ ಮಗ

2022ರ ನವೆಂಬರ್. ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಮಗನ ಶಾಲೆಯಿಂದ ಫೋನ್ ಬಂತು. ಅದೇನೂ ಹೊಸದಲ್ಲ. ವಾರಕ್ಕೆ ಮೂರು ಸಲವಾದರೂ ಬರುತ್ತಿತ್ತು. "ಮೇಡಂ, ಬಂದು ಕರ್ಕೊಂಡ್ ಹೋಗಿ." ನಾನಾಗ ಹಾಲಿನ ಸೊಸೈಟಿಯಲ್ಲಿ ಲೆಕ್ಕ ಬರೆಯುವ ಕೆಲಸ ಮಾಡುತ್ತಿದ್ದೆ. ಪುಸ್ತಕ ಮುಚ್ಚಿಟ್ಟು ಸ್ಕೂಟರ್ ಹತ್ತಿದೆ.

ಪುಟ್ಟು ತರಗತಿಯಲ್ಲಿ ಇರಲಿಲ್ಲ. ಆಟದ ಸಾಮಾನು ತುಂಬಿಡುವ ಕೋಣೆಯಲ್ಲಿ ಕೂರಿಸಿದ್ದರು. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು, ಆಯಾ ಒಬ್ಬರು ಸ್ಟೂಲ್ ಹಾಕಿಕೊಂಡು ಕಾಯುತ್ತಿದ್ದರು. ಮೈದಾನದಲ್ಲಿ ವಾರ್ಷಿಕೋತ್ಸವದ ಡ್ಯಾನ್ಸ್ ಪ್ರಾಕ್ಟೀಸ್ ನಡೆಯುತ್ತಿತ್ತು. ದೊಡ್ಡ ಸ್ಪೀಕರ್ ಇಟ್ಟಿದ್ದರು. ಒಳಗೆ ನನ್ನ ಮಗ ಗೋಡೆಗೆ ಮುಖ ಮಾಡಿ, ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದ. ಮಣಿಕಟ್ಟಿನ ಹತ್ತಿರ ತಾನೇ ಕಚ್ಚಿಕೊಂಡ ಗುರುತು. ರಕ್ತ ಒಣಗಿತ್ತು. ಚಡ್ಡಿ ಒದ್ದೆಯಾಗಿತ್ತು. ಅವನಿಗೆ ಆಗ ಏಳು ವರ್ಷ.

ಯಾರನ್ನೂ ಬೈಯಲಿಲ್ಲ. ಬ್ಯಾಗ್ ತೆಗೆದುಕೊಂಡು ಬಂದೆ. ಮಾರನೇ ದಿನ ಕಳಿಸಲಿಲ್ಲ. ಅದರ ಮಾರನೇ ದಿನವೂ ಕಳಿಸಲಿಲ್ಲ. ಮನೆಯಲ್ಲೇ ಓದಿಸೋಣ ಅಂತ ಕೂತು ಯೋಚಿಸಿ ತೀರ್ಮಾನ ಮಾಡಿದವರಲ್ಲ ನಾವು. ಇನ್ನೊಂದು ದಿನ ಅಲ್ಲಿಗೆ ಕಳಿಸೋದಕ್ಕೆ ಆಗಲಿಲ್ಲ, ಅಷ್ಟೇ.

ನಮ್ಮದು ಮಂಡ್ಯ. ಮನೆಯಲ್ಲಿ ಅತ್ತೆ, ಮಾವ, ನಾನು, ಯಜಮಾನರು, ಪುಟ್ಟು. ಯಜಮಾನರದು ಮೋಟಾರ್ ವೈಂಡಿಂಗ್ ಅಂಗಡಿ, ಸುತ್ತಲಿನ ಹಳ್ಳಿಗಳ ಪಂಪ್‌ಸೆಟ್ ರಿಪೇರಿಗೆ ಬರುತ್ತವೆ. ಮಾವನದು ಊರಿನಲ್ಲಿ ಒಂದೂವರೆ ಎಕರೆ, ನಾಲೆ ನೀರಿನ ಜಮೀನು. ಈ ಕಥೆಯಲ್ಲಿ ಆ ನಾಲೆಗೂ ಒಂದು ಪಾಲಿದೆ.

ಪುಟ್ಟುಗೆ ಎರಡೂವರೆ ವರ್ಷವಾದಾಗಲೂ ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಕಿವಿ ಮಂದ ಅಂದುಕೊಂಡೆವು. ಆದರೆ ರೈಲು ಬರೋದು ನಮಗಿಂತ ಮೊದಲು ಅವನಿಗೇ ಗೊತ್ತಾಗುತ್ತಿತ್ತು, ಓಡಿ ಹೋಗಿ ಕಿಟಕಿ ಹಿಡಿದು ನಿಲ್ಲುತ್ತಿದ್ದ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆವು. ಎಲ್ಲರೂ ಆಯಿಷ್ ಅಂತ ಕರೆಯುವ ಸಂಸ್ಥೆ, 1965ರಲ್ಲಿ ಶುರುವಾದದ್ದು. ದೇಶದ ಎಲ್ಲೆಲ್ಲಿಂದಲೋ ತಾಯಂದಿರು ಮಕ್ಕಳನ್ನು ಕರೆತಂದು, ಹತ್ತಿರದಲ್ಲೇ ರೂಮು ಮಾಡಿಕೊಂಡು ತಿಂಗಳುಗಟ್ಟಲೆ ಇರುತ್ತಾರೆ. ನಮಗೆ ರೈಲಿನಲ್ಲಿ ಒಂದು ಗಂಟೆ ದಾರಿ. ನಾವೇ ಪುಣ್ಯವಂತರು ಅನ್ನಿಸಿತ್ತು.

ಕಿವಿ ಪರೀಕ್ಷೆ ಮಾಡಿ ಚೆನ್ನಾಗಿದೆ ಅಂದರು. ಆಮೇಲೆ ಮನಃಶಾಸ್ತ್ರ ವಿಭಾಗ. ಇನ್ನಷ್ಟು ಸಲ ಕರೆಸಿಕೊಂಡರು, ಅವನು ಆಡುವುದನ್ನು ನೋಡಿದರು, ನಮ್ಮನ್ನು ಕೇಳಿದರು. ಆಟಿಸಂ ಅಂದರು, ಅಂದರೆ ಮಾತು, ಜನರ ಜೊತೆ ಬೆರೆಯೋದು, ಸದ್ದು ತಡೆದುಕೊಳ್ಳೋದು ಎಲ್ಲ ಬೇರೆ ಥರ ಇರುವ ಮಗು. ಮುಂದೆ ಅಂಗವೈಕಲ್ಯದ ಸರ್ಟಿಫಿಕೇಟ್ ಮಾಡಿಸುವಾಗ ಐಸಾ ಅನ್ನುವ ಅಳತೆ ಹಾಕಿದರು. ಆಟಿಸಂ ಅಳೆಯೋದಕ್ಕೆ ನಮ್ಮ ದೇಶದಲ್ಲೇ ಮಾಡಿಕೊಂಡ ಪಟ್ಟಿ ಅದು. 40 ಅಂಶ, ಒಂದೊಂದಕ್ಕೆ 1ರಿಂದ 5 ಅಂಕ. 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲ. 107ರಿಂದ 153 ಮಧ್ಯಮ. ಪುಟ್ಟುಗೆ 126 ಬಂತು. ಆ ಅಂಕಿ ನನಗೆ ಏನೂ ಹೇಳಲಿಲ್ಲ. ಅಲ್ಲಿನ ಥೆರಪಿಸ್ಟ್ ಒಬ್ಬರು ಹೇಳಿದ ಮಾತು ಮಾತ್ರ ಇವತ್ತಿಗೂ ನೆನಪಿದೆ. "ಇವನಿಗೆ ಕೇಳಿಸ್ತಿಲ್ಲ ಅಂತಲ್ಲಮ್ಮ. ಎಲ್ಲವೂ ಒಟ್ಟಿಗೆ ಕೇಳಿಸ್ತಿದೆ."

ಇದೊಂದು ಮಾತು ಶಾಲೆಯವರಿಗೆ ಅರ್ಥವಾಗಿದ್ದರೆ ಸಾಕಿತ್ತು.

ಎರಡು ಶಾಲೆ ನೋಡಿದೆವು. ಮೊದಲನೆಯದರಲ್ಲಿ ಎಲ್‌ಕೆಜಿ ಹೇಗೋ ಮುಗಿಯಿತು. ಆಮೇಲೆ ಕೊರೊನಾ ಬಂದು ಶಾಲೆ ಮುಚ್ಚಿತು. ಊರೆಲ್ಲ ಹೆದರಿಕೊಂಡಿದ್ದ ಆ ಒಂದೂವರೆ ವರ್ಷ ನನ್ನ ಮಗ ನಿದ್ದೆ ಸರಿಯಾಗಿ ಮಾಡಿದ, ಊಟ ಸರಿಯಾಗಿ ಮಾಡಿದ, ಹೊಸ ಮಾತು ಕಲಿತ. ಅದನ್ನು ನೋಡಿಯೂ ಯಾಕೆ ಹೀಗೆ ಅಂತ ನಾವು ಕೇಳಿಕೊಳ್ಳಲಿಲ್ಲ. ಶಾಲೆ ತೆಗೆದ ತಕ್ಷಣ ಮತ್ತೆ ಕಳಿಸಿದೆವು. ಒಂದನೇ ಕ್ಲಾಸು ಮುಗಿಯುವ ಹೊತ್ತಿಗೆ, "ನಿಮ್ಮ ಮಗುವಿಗೆ ಸರಿಹೋಗುವ ಕಡೆ ನೋಡಿಕೊಳ್ಳಿ" ಅಂತ ಟಿಸಿ ಬರೆದು ಕೊಟ್ಟರು. ಬೇರೆ ಮಕ್ಕಳ ತಂದೆ ತಾಯಿ ದೂರು ಕೊಟ್ಟಿದ್ದರಂತೆ. ಪುಟ್ಟು ಯಾರಿಗೂ ಹೊಡೆದಿರಲಿಲ್ಲ. ಪಾಠದ ನಡುವೆ ಎದ್ದು ಓಡಾಡುತ್ತಿದ್ದ, ಜೋರಾಗಿ ಏನೋ ಹೇಳಿಕೊಳ್ಳುತ್ತಿದ್ದ. ಅದೇ ತಪ್ಪು.

ಎರಡನೇ ಶಾಲೆಯ ಟೀಚರ್ ಒಳ್ಳೆಯವರು. ಅವರ ಮೇಲೆ ನನಗೆ ಕೋಪ ಇಲ್ಲ. ಒಂದು ಕೋಣೆಯಲ್ಲಿ 48 ಮಕ್ಕಳು, ಅವರು ಒಬ್ಬರೇ. ಬೇಕಾದರೆ ಜೊತೆಯಲ್ಲಿ ಕೂರೋದಕ್ಕೆ ಒಬ್ಬರನ್ನು ನೀವೇ ಸಂಬಳ ಕೊಟ್ಟು ಇಟ್ಟುಕೊಳ್ಳಿ ಅಂದಿತು ಶಾಲೆ. ಎರಡು ತಿಂಗಳು ಹಾಗೂ ಮಾಡಿದೆವು. ಆ ಹುಡುಗಿಗೆ ಬೇರೆ ಕೆಲಸ ಸಿಕ್ಕಿತು, ಹೋದಳು. ಗಂಟೆ ಹೊಡೆದಾಗ ಕಿವಿ ಮುಚ್ಚಿಕೊಳ್ಳೋದು, ಪ್ರಾರ್ಥನೆಯ ಡ್ರಮ್ ಕೇಳಿ ಓಡಿಹೋಗೋದು, ಬಚ್ಚಲಿಗೆ ಹೋಗೋದಕ್ಕೆ ಹೆದರೋದು ಜಾಸ್ತಿಯಾಗುತ್ತಾ ಹೋಯಿತು. ಅಕ್ಟೋಬರ್ ಹೊತ್ತಿಗೆ ಇದ್ದ ಮಾತೂ ನಿಂತಿತು. "ಅಮ್ಮ" ಅನ್ನೋದೂ ನಿಂತಿತು. ಆಮೇಲೆ ಆ ಬುಧವಾರ.

ಮನೆಯಲ್ಲಿ ಉಳಿಸಿಕೊಂಡಾಗ ಮೊದಲು ಬೇಜಾರು ಮಾಡಿಕೊಂಡವರು ಅತ್ತೆ. "ಮನೇಲಿ ಕೂರ್ಸಿದ್ರೆ ಮಗ ಕೆಟ್ಟೋಯ್ತದೆ ಕಣವ್ವ. ನಾಲ್ಕು ಮಕ್ಕಳ ಜೊತೆ ಇದ್ರೆ ತಾನೇ ಮಾತು ಬರೋದು?" ಅಂದರು. ನನಗೂ ಅದೇ ಭಯ. ಅದಕ್ಕೇ ಮೊದಲ ವಾರವೇ ಮನೆಯನ್ನು ಶಾಲೆ ಮಾಡಿಬಿಟ್ಟೆ. ಗೋಡೆಗೆ ಬೋರ್ಡ್, ಟೈಮ್ ಟೇಬಲ್, ಒಂಬತ್ತಕ್ಕೆ ಕನ್ನಡ, ಹತ್ತಕ್ಕೆ ಲೆಕ್ಕ. ಪುಸ್ತಕ ಕಂಡರೆ ಮಂಚದ ಕೆಳಗೆ ಹೋಗಿ ಮಲಗುತ್ತಿದ್ದ. ಒಂದು ದಿನ ಕಾಲು ಹಿಡಿದು ಎಳೆದೆ. ಅವನು ಕಿರುಚಿ ತಲೆಯನ್ನು ನೆಲಕ್ಕೆ ಬಡಿದುಕೊಂಡ. ನಾನು ಹೊಡೆದೆ. ಬೆನ್ನ ಮೇಲೆ ನನ್ನ ಬೆರಳು ಮೂಡಿದ್ದವು. ಶಾಲೆಯಲ್ಲಿ ಯಾರೂ ಮಾಡದ ಕೆಲಸ ನಾನು ಮಾಡಿದ್ದೆ.

ಮೈಸೂರಿಗೆ ಹೋದಾಗ ಥೆರಪಿಸ್ಟ್ ಹತ್ತಿರ ಅದನ್ನು ಮುಚ್ಚಿಡದೆ ಹೇಳಿದೆ. ಅವರು ಬುದ್ಧಿ ಹೇಳಲಿಲ್ಲ. "ಮೂರು ತಿಂಗಳು ಏನೂ ಕಲಿಸಬೇಡಿ. ಪುಸ್ತಕ ಎಲ್ಲ ಬೀರುವಿನೊಳಗೆ ಇಡಿ. ಅವನು ಏನು ಮಾಡ್ತಾನೆ ಅಂತ ಬರೆದುಕೊಳ್ಳಿ, ಅಷ್ಟು ಸಾಕು" ಅಂದರು. ಮೂರು ತಿಂಗಳು ಸುಮ್ನೆ ಇರೋದು ಅಂದರೆ ಹೇಗೆ ಅಂತ ನನಗೆ ಗೊತ್ತಿರಲಿಲ್ಲ. ಒಂದು ಉದ್ದ ನೋಟ್‌ಬುಕ್ ತಂದೆ. ಸೊಸೈಟಿಯಲ್ಲಿ ಹಾಲಿನ ಲೆಕ್ಕ ಬರೆಯುವ ಹಾಗೇ ದಿನದ ಲೆಕ್ಕ ಬರೆಯತೊಡಗಿದೆ. ಎಷ್ಟು ಹೊತ್ತಿಗೆ ಎದ್ದ, ಯಾವಾಗ ಕಿವಿ ಮುಚ್ಚಿಕೊಂಡ, ಅದಕ್ಕೆ ಮುಂಚೆ ಏನಾಗಿತ್ತು, ಏನನ್ನು ನೋಡುತ್ತಾ ಜಾಸ್ತಿ ಹೊತ್ತು ಕೂತ.

ಹದಿನೈದು ದಿನ ಬರೆಯುವಷ್ಟರಲ್ಲಿ ನಮ್ಮ ಮನೆಯ ಸದ್ದು ನನಗೇ ಕೇಳಿಸತೊಡಗಿತು. ಮಿಕ್ಸಿ. ಕುಕ್ಕರ್ ವಿಷಲ್. ಟ್ಯಾಂಕ್ ತುಂಬಿದಾಗ ಕೂಗುವ ಅಲಾರಾಂ. ಅವನು ಅಳುತ್ತಿದ್ದದ್ದು ಹೆಚ್ಚು ಕಡಿಮೆ ಇವುಗಳ ಬೆನ್ನಿಗೇ. ನಾನು ನೋಟ್‌ಬುಕ್ ಓದಿ ಹೇಳಿದ ದಿನ ಅತ್ತೆ ಏನೂ ಮಾತಾಡಲಿಲ್ಲ. ಮಾರನೇ ದಿನ ಹಿತ್ತಲಿನ ಒರಳು ಕಲ್ಲು ತೊಳೆದು ಚಟ್ನಿ ಅದರಲ್ಲೇ ಅರೆದರು. ಇವತ್ತಿಗೂ ಅರೆಯುತ್ತಾರೆ. ಅವರ ಮಂಡಿ ನೋವು ನೋಡಿ ನಾನು ಬೇಡ ಅಂದರೂ ಕೇಳುವುದಿಲ್ಲ. ಕುಕ್ಕರ್ ಬಿಡೋದಕ್ಕೆ ಆಗಲ್ಲ, ಅದಕ್ಕೆ ಬೇರೆ ದಾರಿ ಹುಡುಕಿದೆವು. ಒಲೆ ಹಚ್ಚುವಾಗಲೇ "ನಾಲ್ಕು ವಿಷಲ್" ಅಂತ ನಾಲ್ಕು ಬೆರಳು ತೋರಿಸೋದು. ಒಂದೊಂದು ಕೂಗಿದಾಗಲೂ ಅವನು ಒಂದು ಬೆರಳು ಮಡಚುತ್ತಿದ್ದ. ನಾಲ್ಕು ಮುಗಿದರೆ ಮುಗಿಯಿತು. ಮುಂಚೆಯೇ ಗೊತ್ತಿದ್ದ ಸದ್ದಿಗೆ ಅವನು ಅಷ್ಟು ಹೆದರುವುದಿಲ್ಲ. ಅವನು ಹೆದರೋದು ಯಾವಾಗ ಬರುತ್ತದೋ ಗೊತ್ತಿಲ್ಲದ ಸದ್ದಿಗೆ.

ಬೀರುವಿನ ಬಾಗಿಲ ಮೇಲೆ ಚಿತ್ರ ಅಂಟಿಸಿದೆವು. ಹಲ್ಲುಜ್ಜೋದು, ಸ್ನಾನ, ತಿಂಡಿ, ಅಪ್ಪನ ಅಂಗಡಿ, ಊಟ, ರೈಲು. ಚಪ್ಪಲಿಗೆ ಹಾಕುವ ವೆಲ್ಕ್ರೋ ಪಟ್ಟಿ ತಂದು ಹಿಂದೆ ಅಂಟಿಸಿದ್ದರಿಂದ ಕಿತ್ತು ಜಾಗ ಬದಲಿಸಬಹುದು. ಮುಗಿದ ಚಿತ್ರವನ್ನು ಅವನೇ ಕಿತ್ತು ಡಬ್ಬಿಗೆ ಹಾಕುತ್ತಾನೆ. ಇದನ್ನು ಯಾರಾದರೂ ಸಣ್ಣ ವಿಷಯ ಅಂದುಕೊಂಡರೆ ದಯವಿಟ್ಟು ಹಾಗಂದುಕೊಳ್ಳಬೇಡಿ. ಮುಂದೇನು ಅಂತ ಗೊತ್ತಾದ ಮೇಲೆ ನನ್ನ ಮಗ ಕೈ ಕಚ್ಚಿಕೊಳ್ಳೋದು ವಾರಕ್ಕೆ ಒಂದಕ್ಕೆ ಇಳಿಯಿತು. ನನ್ನ ನೋಟ್‌ಬುಕ್ಕಿನಲ್ಲಿದೆ.

ಮಾತು ವಾಪಸ್ ಬಂದದ್ದು ರೈಲಿನಿಂದ. ಪ್ರತಿ ಮಂಗಳವಾರ ಮೈಸೂರಿಗೆ ಹೋಗುತ್ತಿದ್ದೆವು. ಫೆಬ್ರವರಿಯ ಒಂದು ರಾತ್ರಿ ಅವನು ಅಡಿಗೆಮನೆ ಬಾಗಿಲಲ್ಲಿ ನಿಂತು, ಥೇಟ್ ಸ್ಟೇಷನ್ ಹೆಂಗಸಿನ ದನಿಯಲ್ಲಿ, "ಪ್ರಯಾಣಿಕರ ಗಮನಕ್ಕೆ" ಅಂದ. ನಾಲ್ಕು ತಿಂಗಳ ಮೇಲೆ ಕೇಳಿದ ಮೊದಲ ಮಾತು. ನಾನು ಪಾತ್ರೆ ಹಾಗೇ ಬಿಟ್ಟು ತಿರುಗಿದೆ. ಅವನು ನೀರಿನ ಬಿಂದಿಗೆ ನೋಡುತ್ತಿದ್ದ. ನೀರು ಕೊಟ್ಟೆ, ಕುಡಿದು ಹೋದ. ಅರ್ಧ ಗಂಟೆ ಬಿಟ್ಟು ಮತ್ತೆ ಬಂದು, "ಪ್ರಯಾಣಿಕರ ಗಮನಕ್ಕೆ." ಈ ಸಲ ಫ್ಯಾನ್ ಬೇಕಿತ್ತು. ಅವನು ಸುಮ್ನೆ ಕೇಳಿದ್ದನ್ನು ಒಪ್ಪಿಸುತ್ತಿರಲಿಲ್ಲ. ನನ್ನನ್ನು ಕರೆಯುತ್ತಿದ್ದ. ಸ್ಟೇಷನ್‌ನಲ್ಲಿ ಆ ಮಾತು ಕೇಳಿದರೆ ಎಲ್ಲರೂ ತಲೆ ಎತ್ತುತ್ತಾರೆ ಅಲ್ವಾ? ಜನರನ್ನು ತನ್ನ ಕಡೆ ತಿರುಗಿಸುವ ಮಾತು ಅದು ಅಂತ ಅವನು ಕಂಡುಕೊಂಡಿದ್ದ. ಶಾಲೆಯಲ್ಲಿ ಜೋರಾಗಿ ಹೇಳಿಕೊಳ್ಳುತ್ತಿದ್ದ ಮಾತುಗಳೂ ಹೀಗೇ ಯಾರನ್ನೋ ಕರೆಯುತ್ತಿದ್ದವೇನೋ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ.

ಓದು ಶುರುವಾದದ್ದೂ ಅದೇ ದಾರಿಯಲ್ಲಿ. ಯಲಿಯೂರು, ಬ್ಯಾಡರಹಳ್ಳಿ, ಪಾಂಡವಪುರ, ಶ್ರೀರಂಗಪಟ್ಟಣ, ನಾಗನಹಳ್ಳಿ, ಮೈಸೂರು. ಹಳದಿ ಬೋರ್ಡಿನ ಮೇಲೆ ಮೂರು ಲಿಪಿ. ಎರಡು ವರ್ಷ ಅ ಆ ಇ ಈ ತಿದ್ದಿಸಿದರೂ ಬಾರದವನು ಈ ಹೆಸರುಗಳನ್ನು ಇಡೀ ಚಿತ್ರದ ಹಾಗೆ ನೆನಪಿಟ್ಟುಕೊಂಡಿದ್ದ. ರಟ್ಟಿಗೆ ಹಳದಿ ಕಾಗದ ಅಂಟಿಸಿ ಅದೇ ಬೋರ್ಡುಗಳನ್ನು ಮಾಡಿದೆ. ಮೊದಲು ಸಾಲಾಗಿ ಜೋಡಿಸಿದ. ಆಮೇಲೆ ನಾನು ಒಂದೊಂದನ್ನು ಕತ್ತರಿಸಿದೆ. ಪಾಂಡವ, ಪುರ. ನಾಗನ, ಹಳ್ಳಿ. ಬ್ಯಾಡರಹಳ್ಳಿಯ "ಹಳ್ಳಿ" ನಾಗನಹಳ್ಳಿಗೂ ಹೊಂದುತ್ತದೆ ಅಂತ ಕಂಡಾಗ ಅವನು ಕೈ ಅಲ್ಲಾಡಿಸುತ್ತಾ ಮನೆ ತುಂಬ ಕುಣಿದ. ಮುಂದಿನ ಮೂರು ತಿಂಗಳಲ್ಲಿ ಇಡೀ ಪದದಿಂದ ಅಕ್ಷರಕ್ಕೆ ಇಳಿದೆವು. ಪಟ್ಟಣದ ಟ್ಟ, ಹಳ್ಳಿಯ ಳ್ಳಿ ಮೊದಲು ಬಂದವು. ಒತ್ತಕ್ಷರ ಮೊದಲು, ಅ ಆ ಇ ಈ ಕೊನೆಗೆ. ಶಾಲೆಯ ಕ್ರಮಕ್ಕೆ ಪೂರಾ ಉಲ್ಟಾ. ಆದರೂ ಬಂತು.

ಇನ್ನು ಕಟ್ಟೆಯ ವಿಷಯ.

ಕೃಷ್ಣರಾಜಸಾಗರ ಅಣೆಕಟ್ಟನ್ನು ನಮ್ಮ ಕಡೆ ಕೆಆರ್‌ಎಸ್ ಅನ್ನುವವರು ಕಡಿಮೆ. ಕಟ್ಟೆ ಅಂತಾರೆ, ಕನ್ನಂಬಾಡಿ ಅಂತಾರೆ. ದಿನಾ ಪೇಪರಿನಲ್ಲಿ ನೀರಿನ ಮಟ್ಟ ಬರುತ್ತದೆ. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಮಾವ ಮುಖ ತೊಳೆದು ಮೊದಲು ಓದುವುದು ಅದನ್ನೇ. ಜೋರಾಗಿ ಓದುತ್ತಾರೆ. ನಾಲೆಗೆ ನೀರು ಬಿಡುತ್ತಾರೋ ಇಲ್ಲವೋ ಅನ್ನುವುದು ಅದರ ಮೇಲೆ ನಿಂತಿದೆ ಅಲ್ವಾ? 2023ರ ಬೇಸಿಗೆಯ ಒಂದು ಬೆಳಿಗ್ಗೆ ಅವರು ಕನ್ನಡಕ ಹುಡುಕುತ್ತಿದ್ದರು. ಪುಟ್ಟು ಅವರ ತೊಡೆ ಪಕ್ಕ ಕೂತು, ಪೇಪರಿನ ಆ ಮೂಲೆಗೆ ಬೆರಳಿಟ್ಟು, ಅಂಕಿ ಓದಿದ. ಚುಕ್ಕೆಯನ್ನೂ ಸೇರಿಸಿ.

"ಏನ್ ಯೋಳ್ದೆ ಮಗ? ಇನ್ನೊಂದ್ ಕಿತ ಯೋಳು" ಅಂದರು ಮಾವ. ಅವನು ಮತ್ತೆ ಓದಿದ. ಅವತ್ತಿನಿಂದ ಆ ಕೆಲಸ ಅವನದು.

ಸೊಸೈಟಿ ಲೆಕ್ಕ ಬರೆದವಳು ನಾನು, ಒಂದು ಅವಕಾಶ ಸಿಕ್ಕಿತು ಅಂತ ಗೊತ್ತಾಯಿತು. ಕ್ಯಾಲೆಂಡರಿನ ಒಂದೊಂದು ಮನೆಯಲ್ಲೂ ಅವತ್ತಿನ ಮಟ್ಟ ಬರೆಸಿದೆ. ನಿನ್ನೆಗಿಂತ ಇವತ್ತು ಎಷ್ಟು ಇಳಿಯಿತು? ಕಳೆಯುವ ಲೆಕ್ಕ. ತುಂಬೋದಕ್ಕೆ ಇನ್ನೆಷ್ಟು ಬೇಕು? 124.80ರಲ್ಲಿ 98.35 ಕಳೆದರೆ 26.45. ದಶಮಾಂಶವನ್ನು ಐದನೇ ಕ್ಲಾಸಿಗೆ ಅಂತ ಇಟ್ಟಿರುತ್ತಾರೆ. ಎಂಟು ವರ್ಷದ ಇವನಿಗೆ ಅದು ಕಷ್ಟ ಅನ್ನಿಸಲೇ ಇಲ್ಲ, ಯಾಕಂದರೆ ಚುಕ್ಕೆಯ ಆಚೆಗಿನ ಅಂಕಿ ದಿನಾ ಅವನ ಕಣ್ಣ ಮುಂದೆ ಬದಲಾಗುತ್ತಿತ್ತು. ಗೋಡೆಗೆ ಅಂಟಿಸಿದ ಗ್ರಾಫ್ ಹಾಳೆಯಲ್ಲಿ ಗೆರೆ ಎಳೆದ. ಆ ಗೆರೆಯೇ ಅವನ ವಿಜ್ಞಾನ, ಅವನ ಭೂಗೋಳ. ಗೆರೆ ಯಾಕೆ ಏರುತ್ತದೆ? ಕೊಡಗಿನಲ್ಲಿ ಮಳೆ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ಬಂದು ಇಲ್ಲಿ ಸೇರುತ್ತವೆ. ಯಾಕೆ ಇಳಿಯುತ್ತದೆ? ವಿಶ್ವೇಶ್ವರಯ್ಯ ನಾಲೆ, ಹುಲಿಕೆರೆ ಸುರಂಗ, ತಾತನ ಗದ್ದೆ.

ಕ್ಯೂಸೆಕ್ ಅಂದರೇನು ಅಂತ ನನಗೇ ಸರಿಯಾಗಿ ಗೊತ್ತಿರಲಿಲ್ಲ. ಯಜಮಾನರು ಹೇಳಿಕೊಟ್ಟರು. ಒಂದು ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್. ಅಂಗಡಿಯ ಟೆಸ್ಟಿಂಗ್ ತೊಟ್ಟಿಯ ಹತ್ತಿರ 20 ಲೀಟರಿನ ಕ್ಯಾನ್ ಇಟ್ಟು, ಪಂಪು ಹಾಕಿ, ಎಷ್ಟು ಸೆಕೆಂಡಿಗೆ ತುಂಬುತ್ತದೆ ಅಂತ ಅಪ್ಪ ಮಗ ಎಣಿಸಿದರು. ಒಂದು ದಿನಕ್ಕೆ ಎಷ್ಟು ಸೆಕೆಂಡ್? 60, 60, 24, ಗುಣಿಸಿದರೆ 86,400. ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ. ಹಾಗಾದರೆ ದಿನವಿಡೀ ಎಷ್ಟು ಕ್ಯೂಸೆಕ್ ಬಂದರೆ ಒಂದು ಟಿಎಂಸಿ? ಇದನ್ನು ಅವನು ಮಾಡಿದ್ದು ಕಳೆದ ವರ್ಷ, ಕ್ಯಾಲ್ಕುಲೇಟರ್ ಹಿಡಿದು. 11,574. ಆ ಅಂಕಿಯನ್ನು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಾನೆ. ಒರೆಸೋದಕ್ಕೆ ಬಿಡುವುದಿಲ್ಲ.

ಎಲ್ಲವೂ ಹೀಗೆ ಸಲೀಸಾಗಿ ಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. 2023ರಲ್ಲಿ ಮಳೆ ಕೈಕೊಟ್ಟಿತು. ಕಟ್ಟೆ ತುಂಬಲಿಲ್ಲ. ಆಗಸ್ಟ್ ಹೋಯಿತು, ಸೆಪ್ಟೆಂಬರ್ ಬಂತು, ಗೆರೆ ಮೇಲೆ ಹೋಗದೆ ಕೆಳಗೆ ತಿರುಗಿತು. ನನ್ನ ಮಗನಿಗೆ 124.80 ಅನ್ನೋದು ಬರಲೇಬೇಕಾದ ಸ್ಟೇಷನ್ ಇದ್ದ ಹಾಗೆ. ಬರಲಿಲ್ಲ ಅಂದರೆ ಲೋಕವೇ ತಪ್ಪಿದ ಹಾಗೆ. ದಿನಾ ಪೇಪರ್ ನೋಡಿ ಅಳುತ್ತಿದ್ದ. ಒಂದು ದಿನ ಹರಿದು ಹಾಕಿದ. ಅದೇ ಹೊತ್ತಿಗೆ ತಮಿಳುನಾಡಿಗೆ ನೀರು ಬಿಟ್ಟಿದ್ದಕ್ಕೆ ಮಂಡ್ಯದಲ್ಲಿ ಹೋರಾಟ ಜೋರಾಯಿತು. ಬಂದ್, ಘೋಷಣೆ, ಮೈಕು. ಕಿಟಕಿಗೆಲ್ಲ ಕಂಬಳಿ ಕಟ್ಟಿ ಒಳಗೆ ಕೂತೆವು. ಅವನು ಮತ್ತೆ ಕೈ ಕಚ್ಚಿಕೊಂಡ. ಕಟ್ಟೆಯ ಲೆಕ್ಕ ಹಿಡಿಸಿ ನಾನೇ ತಪ್ಪು ಮಾಡಿದೆನಾ ಅನ್ನಿಸಿತು.

ಸಮಾಧಾನ ಮಾಡಿದ್ದು ಮಾವ. ಅವರು ಅವನ ಜೊತೆ ವಾದ ಮಾಡಲಿಲ್ಲ. ಒಂದು ಹಳೆಯ ಡೈರಿ ತಂದು ಮುಂದಿಟ್ಟರು. ಯಾವ ವರ್ಷ ಭತ್ತ ಹಾಕಿದರು, ಯಾವ ವರ್ಷ ನೀರಿಲ್ಲದೆ ಬೀಳು ಬಿಟ್ಟರು ಅಂತ ಬರೆದಿಟ್ಟ ಡೈರಿ. "ಇಲ್ ನೋಡು ಮಗ. ಈ ವರ್ಸ ತುಂಬ್ನಿಲ್ಲ. ಈ ವರ್ಸ ತುಂಬ್ತು. ಇದು ತುಂಬ್ನಿಲ್ಲ. ಆಮ್ಯಾಕೆ ತುಂಬ್ತು." ಪುಟ್ಟು ತುಂಬಿದ ವರ್ಷಕ್ಕೆ ನೀಲಿ, ತುಂಬದ ವರ್ಷಕ್ಕೆ ಕಂದು ಬಣ್ಣ ಹಚ್ಚಿದ. 2023ಕ್ಕೆ ಕಂದು. ಬಣ್ಣ ಹಚ್ಚಿದ ಮೇಲೆ ಅಳು ನಿಂತಿತು. 2024ರ ಬೇಸಿಗೆಯಲ್ಲಿ ಮಟ್ಟ 80 ಅಡಿಯ ಆಸುಪಾಸಿಗೆ ಇಳಿದಾಗಲೂ ಬರೆದುಕೊಂಡು ಸುಮ್ಮನಿದ್ದ. ಜುಲೈ ಕೊನೆಗೆ ತುಂಬಿತು. ಮರುವರ್ಷ ಜೂನ್‌ನಲ್ಲೇ ತುಂಬಿತು. ಎರಡೂ ನೀಲಿ.

ಕಾಗದಪತ್ರದ ವಿಷಯ ಹೇಳಬೇಕು, ಕೇಳುವವರು ಜಾಸ್ತಿ. ಮನೆಯಲ್ಲಿ ಕಲಿಸುವುದಕ್ಕೆ ಕಾನೂನು ಒಪ್ಪುತ್ತದಾ ಅಂತ ಮೊದಲು ನಾವೂ ಹೆದರಿದ್ದೆವು. 2009ರ ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಬಂತು. ತೀವ್ರವಾದ ಅಥವಾ ಒಂದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವ ಮಕ್ಕಳು ಗೃಹಾಧಾರಿತ ಶಿಕ್ಷಣ ಆರಿಸಿಕೊಳ್ಳಬಹುದು ಅಂತ ಅದರಲ್ಲಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಒಂದು. ಅಂಗವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ, ತಾವೇ ಆರಿಸಿಕೊಂಡ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣದ ಹಕ್ಕಿದೆ. ಪುಟ್ಟುವಿನ ಸರ್ಟಿಫಿಕೇಟಿನಲ್ಲಿ ಶೇ 80 ಅಂತಿದೆ. ದಶಮಾಂಶ ಕಳೆಯುವ ಮಗುವಿಗೆ ಶೇ 80 ಯಾವುದರಲ್ಲಿ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆದರೆ ಆ ಕಾಗದ ಬೇಕು. ಅದಿದ್ದರೆ ಯುಡಿಐಡಿ ಅನ್ನುವ ವಿಕಲಚೇತನರ ಗುರುತಿನ ಕಾರ್ಡ್, ಅದಿದ್ದರೆ ಒಂದು ಲಕ್ಷದವರೆಗಿನ ನಿರಾಮಯ ಆರೋಗ್ಯ ವಿಮೆ. ನಮ್ಮ ಥೆರಪಿ ಖರ್ಚಿನ ಒಂದು ಪಾಲು ಅದರಿಂದ ಬರುತ್ತದೆ.

ಒಂದು ಕಚೇರಿಯಲ್ಲಿ "ಇಂಥ ಮಕ್ಕಳಿಗೆ ಓದು ಯಾಕಮ್ಮ" ಅಂದರು. ಇನ್ನೊಂದು ಕಡೆ ಮೂರು ಸಲ ಅಲೆಸಿದರು. ಕೊನೆಗೆ ನಮ್ಮ ಬೀದಿಯ ಹಿಂದಿನ ಸರ್ಕಾರಿ ಪ್ರಾಥಮಿಕ ಶಾಲೆಯ ಹೆಡ್‌ಮಿಸ್ ತಾವೇ ಹೇಳಿದರು. "ಹೆಸರು ನಮ್ಮ ಶಾಲೆಯಲ್ಲಿ ಇರಲಿ. ಗೃಹಾಧಾರಿತ ಅಂತ ಬರೆಸೋಣ." ಟಿಸಿ, ಸರ್ಕಾರದ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ಸ್ಯಾಟ್ಸ್ ನಂಬರ್, ಸರ್ಟಿಫಿಕೇಟಿನ ಜೆರಾಕ್ಸ್ ಕೊಟ್ಟೆವು. ಅಲ್ಲಿಂದ ಇಂಥ ಮಕ್ಕಳಿಗೆ ಕಲಿಸುವ ಸಂಪನ್ಮೂಲ ಶಿಕ್ಷಕಿಯೊಬ್ಬರು ಮನೆಗೆ ಬರುತ್ತಾರೆ. ವಾರಕ್ಕೊಮ್ಮೆ ಬರಬೇಕು. ಕೆಲವು ತಿಂಗಳು ಎರಡೇ ಸಲ. ಒಬ್ಬರಿಗೆ ಎಷ್ಟು ಊರು, ಎಷ್ಟು ಮಕ್ಕಳು, ಅವರನ್ನು ದೂರಿ ಪ್ರಯೋಜನ ಇಲ್ಲ. ಬಂದಾಗ ಅವನ ಗ್ರಾಫ್ ನೋಡಿ, ಪಠ್ಯದ ಯಾವ ಪಾಠ ಇದರಲ್ಲೇ ಮುಗಿದಿದೆ ಅಂತ ಗುರುತು ಹಾಕಿಕೊಡುತ್ತಾರೆ. ಅದು ನನಗೆ ದೊಡ್ಡ ಸಹಾಯ. ಮುಂದೆ 14 ವರ್ಷ ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಎನ್‌ಐಒಎಸ್‌ನಲ್ಲಿ ಹತ್ತನೇ ತರಗತಿ ಕಟ್ಟಿಸುವ ಯೋಚನೆ ಇದೆ. ಐದು ವಿಷಯ, ಐದು ವರ್ಷದೊಳಗೆ ಒಂದೊಂದಾಗಿ ಬರೆಯಬಹುದು. ಅವನಿಗೆ ಹೊಂದುವ ಕ್ರಮ ಅದೇ ಅನ್ನಿಸುತ್ತದೆ.

ನಾನು ಕೆಲಸ ಬಿಟ್ಟೆ. ಆ ಸಂಬಳ ಹೋಯಿತು. ಊರಿನ ಮದುವೆ, ಹಬ್ಬ ಹೆಚ್ಚು ಕಡಿಮೆ ಬಿಟ್ಟೆವು. ಜ್ವರ ಬಂದರೂ ನನಗೆ ರಜ ಇಲ್ಲ. ಮನೆಯಲ್ಲಿ ಹೀಗೆ ಕಲಿಸಿ ಅಂತ ನಾನು ಎಲ್ಲ ತಾಯಂದಿರಿಗೂ ಹೇಳುವುದಿಲ್ಲ. ಒರಳಲ್ಲಿ ಅರೆಯುವ ಅತ್ತೆ, ಡೈರಿ ತೆಗೆಯುವ ಮಾವ, ಅಂಗಡಿ ತೊಟ್ಟಿಯ ಹತ್ತಿರ ಅರ್ಧ ದಿನ ಕಳೆಯುವ ಗಂಡ ಇರುವವಳು ನಾನು. ಗಾರ್ಮೆಂಟ್ಸ್‌ಗೆ ಹೋಗುವ ಒಂಟಿ ತಾಯಿ ಏನು ಮಾಡಬೇಕು? ಅವಳ ಮಗುವಿಗೆ ಶಾಲೆಯೇ ಗತಿ. ಆ ಶಾಲೆ ಸ್ಪೀಕರ್ ಕಡಿಮೆ ಮಾಡಬೇಕು, ಗಂಟೆ ಹೊಡೆಯುವ ಮುಂಚೆ ಒಂದು ಮಾತು ಹೇಳಬೇಕು, ಚಿಲಕ ಹಾಕಬಾರದು. ಇದಕ್ಕೆಲ್ಲ ಹಣ ಬೇಕಾಗಿಲ್ಲ.

ಜನರ ಜೊತೆ ಬೆರೆಯೋದು ಹೇಗೆ ಕಲಿಯುತ್ತಾನೆ ಅಂತ ಎಲ್ಲರೂ ಕೇಳುತ್ತಾರೆ. ಬೆಳಿಗ್ಗೆ ಎಂಟಕ್ಕೆ ಮಾವನ ಜೊತೆ ಟೀ ಅಂಗಡಿಗೆ ಹೋಗುತ್ತಾನೆ. ಅಲ್ಲಿ ಐದಾರು ಜನ ಹಳಬರು ಕೂತಿರುತ್ತಾರೆ. "ಎಷ್ಟೈತಪ್ಪ ಕಟ್ಟೆ?" ಅಂತಾರೆ. ಇವನು ಯಾರ ಮುಖವನ್ನೂ ನೋಡದೆ ಮಟ್ಟ, ಒಳಹರಿವು, ಹೊರಹರಿವು ಹೇಳುತ್ತಾನೆ. ಅವರು ತಲೆದೂಗಿ ಅದರ ಮೇಲೆ ಮಾತು ಮುಂದುವರಿಸುತ್ತಾರೆ. ಒಂದು ದಿನ ಇವನಿಗೆ ಜ್ವರ, ಹೋಗಲಿಲ್ಲ. ಇಬ್ಬರು ಮನೆಗೇ ವಿಚಾರಿಸಿಕೊಂಡು ಬಂದರು.

ಹೆಡ್‌ಮಿಸ್ ಈ ವರ್ಷ ಇನ್ನೊಂದು ಮಾತು ಹೇಳಿದರು. ಶನಿವಾರ ಬೆಳಿಗ್ಗೆ ಶಾಲೆಗೆ ಬಂದು ಕೂರಲಿ, ಎಷ್ಟು ಹೊತ್ತಾದರೂ ಸರಿ, ಸಾಕು ಅನ್ನಿಸಿದಾಗ ಹೋಗಲಿ ಅಂತ. ಶಾಲೆ ಅಂದರೆ ಅವನ ಮೈ ಬಿಗಿಯಾಗುತ್ತದೆ, ಅದಕ್ಕೆ ನಾನು ಒಪ್ಪೋದಕ್ಕೆ ಒಂದು ತಿಂಗಳು ತೆಗೆದುಕೊಂಡೆ. ಜುಲೈನಲ್ಲಿ ಶುರು ಮಾಡಿದೆವು. ಬೀರುವಿನ ಮೇಲೆ ಒಂದು ಹೊಸ ಚಿತ್ರ ಬಂತು, ಹೆಂಚಿನ ಮನೆ, ಮುಂದೆ ಒಂದು ಮರ. ಮೊದಲ ವಾರ ಗೇಟಿನ ಹತ್ತಿರ ನಿಂತು ವಾಪಸ್ ಬಂದ. ಎರಡನೇ ವಾರ ಹೆಡ್‌ಮಿಸ್ ಕೋಣೆಯಲ್ಲಿ 10 ನಿಮಿಷ. ಆಮೇಲೆ ನಾಲ್ಕನೇ ಕ್ಲಾಸಿನ ಬಾಗಿಲ ಪಕ್ಕದ ಬೆಂಚು, ನಾನು ಹೊರಗೆ ಜಗಲಿಯಲ್ಲಿ. ಗಂಟೆ ಹೊಡೆಯುವ ಎರಡು ನಿಮಿಷ ಮುಂಚೆ ಒಬ್ಬ ಹುಡುಗಿ ಬಂದು ಅವನ ಮುಂದೆ ಎರಡು ಬೆರಳು ತೋರಿಸಿ ಹೋಗುತ್ತಾಳೆ. ಹಾಗೆ ಮಾಡು ಅಂತ ಹೆಡ್‌ಮಿಸ್ ಅವಳಿಗೆ ಹೇಳಿಕೊಟ್ಟಿದ್ದಾರೆ. ಅವನು ಕಿವಿ ಮುಚ್ಚಿಕೊಂಡು ಕಾಯುತ್ತಾನೆ, ಗಂಟೆ ಆದ ಮೇಲೆ ಕೈ ತೆಗೆಯುತ್ತಾನೆ. ಮೊನ್ನೆ ಶನಿವಾರ 35 ನಿಮಿಷ ಕೂತ. ಬರುವ ಶನಿವಾರ 40ಕ್ಕೆ ಪ್ರಯತ್ನ ಮಾಡುತ್ತೇವೆ.